ಮೂರೋ ನಾಲ್ಕೋ

9 ಜನವರಿ 2024, ಮಂಗಳವಾರ

ಇವತ್ತು ಮೂಡಲಗಿಯಲ್ಲಿ ಒಬ್ಬ ಮನುಷ್ಯ ನನ್ನ ಕೈಯಲ್ಲಿ ಸಾಯುವುದರಲ್ಲಿದ್ದ. ಸಾಯಲಿಲ್ಲ. ಅಷ್ಟು ಬರೆದು ಮಲಗೋಣ ಅಂದುಕೊಂಡಿದ್ದೆ, ಆಗಲಿಲ್ಲ, ಎಲ್ಲವನ್ನೂ ಬರೆಯುತ್ತೇನೆ.

ಹೆಸರು ಮಾಲಿಂಗ, ವಯಸ್ಸು ಐವತ್ತೆಂಟು, ಊರು ಕುಲಗೋಡ. ಕುರಿ ಸಾಕುತ್ತಾನೆ, ಬೀರದೇವರ ಪೂಜಾರಿ. ಪಿತ್ತಕೋಶದ ತುಂಬ ಕಲ್ಲು. ತೆಗೆಯಲೇಬೇಕು, ಇಲ್ಲದಿದ್ದರೆ ಒಂದು ದಿನ ಕೀವು ತುಂಬಿ ಒಡೆಯುತ್ತದೆ. ಆಪರೇಷನ್ ಅಣ್ಣಾಸಾಹೇಬ ಡಾಕ್ಟರದ್ದು, ಎಚ್ಚರ ತಪ್ಪಿಸುವ ಕೆಲಸ ನನ್ನದು. ಮದ್ದು ಕೊಟ್ಟ ಮೇಲೆ ರೋಗಿಯ ಉಸಿರು ನಿಲ್ಲುತ್ತದೆ. ಆಗ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಅದಕ್ಕೆ ಅಂಟಿದ ಚೀಲ ಹಿಚುಕಿ, ನಾನೇ ಅವನಿಗೆ ಉಸಿರು ಕೊಡಬೇಕು. ಹದಿನೇಳು ವರ್ಷದಿಂದ ಗೋಕಾಕ, ಮೂಡಲಗಿ, ಹುಕ್ಕೇರಿಯ ದವಾಖಾನೆಗಳಿಗೆ ತಿರುಗಿ ಅದನ್ನೇ ಮಾಡುತ್ತಿದ್ದೇನೆ. ಎಡಗೈಯಲ್ಲಿ ಮಾಸ್ಕ್, ಬಲಗೈಯಲ್ಲಿ ಚೀಲ. "ದೀಪಾಲಿ ಮೇಡಮ್ಮಾರ ಬಂದ್ರ ಮತ್ತೊಬ್ಬರ ಬ್ಯಾಡ" ಅಂತ ಸರ್ಜನ್ನರು ಒಬ್ಬರಿಗೊಬ್ಬರು ಹೇಳುವುದು ನನ್ನ ಕಿವಿಗೂ ಬೀಳುತ್ತದೆ. ಬೀಳಲಿ ಅಂತಲೇ ಹೇಳುತ್ತಾರೇನೋ.

ಇವತ್ತು ಉಸಿರು ಹೋಗಲಿಲ್ಲ. ಎದೆ ಮುಟ್ಟುವ ಗಡ್ಡ, ದೇವರದ್ದು, ಕತ್ತರಿ ಹಾಕುವಂತಿಲ್ಲ. ಅದು ಸಾಲದು ಅಂತ ಹೆಂಡತಿ ಲಗಮವ್ವ ಥಿಯೇಟರಿನ ಬಾಗಿಲಲ್ಲೇ ದೇವರ ಅರಿಶಿನ ಪುಡಿ, ಅದೇ ಭಂಡಾರ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೂ ಗಡ್ಡಕ್ಕೂ ತಿಕ್ಕಿ ಕಳಿಸಿದ್ದಳು. ಮಾಸ್ಕ್ ಜಾರಿತು. ಒತ್ತಿದಷ್ಟೂ ಗಾಳಿ ಗಡ್ಡದ ಸಂದಿಯಿಂದ ಸೋರಿತು. ನಾಲಿಗೆ ಎತ್ತಿ ಹಿಡಿಯುವ ಸಣ್ಣ ಕೊಳವೆಯನ್ನು ಬಾಯಲ್ಲಿಟ್ಟೆ, ಆಗಲಿಲ್ಲ. ಗಂಟಲೊಳಗೆ ಉದ್ದ ಕೊಳವೆ ಇಳಿಸಲು ನೋಡಿದೆ, ದಾರಿ ಕಾಣಲಿಲ್ಲ. ರಕ್ತದ ಆಕ್ಸಿಜನ್ ತೊಂಬತ್ತಕ್ಕಿಂತ ಕೆಳಗೆ ಹೋಗಬಾರದು, ಐವತ್ತೆರಡಕ್ಕೆ ಹೋಯಿತು. ಕೊನೆಗೆ ಟೆಕ್ನಿಷಿಯನ್ ಉಮೇಶ ಬಂದು ಚೀಲ ಹಿಡಿದ, ಒಂದೆರಡು ನಿಮಿಷದಲ್ಲಿ ಸರಿಹೋಯಿತು. ಎಬ್ಬಿಸಿಬಿಟ್ಟೆವು. ಆಪರೇಷನ್ ಆಗಲಿಲ್ಲ, ಕಲ್ಲು ಹೊಟ್ಟೆಯಲ್ಲೇ ಇವೆ.

ಇದನ್ನು ಅಳೆಯಲು ನಮ್ಮಲ್ಲಿ ನಾಲ್ಕು ಅಂಕೆ ಇವೆ. ಮಾಸ್ಕಿನಲ್ಲಿ ಸಲೀಸಾಗಿ ಉಸಿರು ಹೋದರೆ ಒಂದು. ಬಾಯಲ್ಲಿ ಕೊಳವೆ ಇಟ್ಟ ಮೇಲೆ ಹೋದರೆ ಎರಡು. ಇಬ್ಬರು ಸೇರಿ ಕಷ್ಟಪಟ್ಟು ಕೊಡಬೇಕಾದರೆ ಮೂರು. ಯಾರಿಂದಲೂ ಆಗದಿದ್ದರೆ ನಾಲ್ಕು.

ಕೇಸ್ ಪೇಪರಿನಲ್ಲಿ ನಾಲ್ಕು ಅಂತ ಬರೆದು ಸಹಿ ಹಾಕಿದೆ.

11 ಜನವರಿ, ಗುರುವಾರ

ಅಣ್ಣಾಸಾಹೇಬ ಡಾಕ್ಟರು ಮನೆಯವರಿಗೆ "ಬಿ.ಪಿ. ಏರಿತ್ತು, ಅದಕ್ಕ ಮುಂದ ಹಾಕೇವಿ" ಅಂತ ಹೇಳಿದ್ದಾರೆ. ನಾನು ಬಾಜೂಕೇ ನಿಂತಿದ್ದೆ. ಲಗಮವ್ವ ಒಪ್ಪಲಿಲ್ಲ. ಡಾಕ್ಟರು ಆ ಕಡೆ ಹೋದ ಮೇಲೆ ನನ್ನ ಹತ್ತಿರ ಬಂದು, "ಖರೆ ಏನಾತ್ರಿ ಬಾಯಾರ? ಅವರ ತುಟಿ ಯಾಕ ಬಾತಾವ್ರಿ?" ಅಂತ ಕೇಳಿದಳು.

ನಾನು, "ಗಡ್ಡಕ್ಕ ಎಣ್ಣಿ ಭಂಡಾರ ಯಾಕ ಹಚ್ಚಿದಿ? ಮಾಸ್ಕ ಜಾರಿ ಉಸಿರ ಹೋಗಲಿಲ್ಲ" ಅಂದೆ.

ಆಕೆ ತನ್ನ ಅಂಗೈ ನೋಡಿಕೊಂಡಳು, ಇನ್ನೂ ಹಳದಿ ಇತ್ತು. ನಾನು ಸುಳ್ಳನ್ನೇನೂ ಹೇಳಿಲ್ಲ.

ಇನ್ನು ಮೇಲೆ ಒಂದು ನಿಯಮ. ನನ್ನ ಕೈ ಕೆಳಗೆ ಮಲಗುವ ಪ್ರತಿಯೊಬ್ಬರ ಮುಖಕ್ಕೂ ಅಂಕೆ ಬರೆಯುತ್ತೇನೆ. ಮನೆಗೆ ಹೋಗುವಾಗ ಅದರ ಚೀಟಿಯನ್ನೂ ಕೊಡುತ್ತೇನೆ. ನಾಳೆ ಇವರು ಬೇರೆ ಊರಿನ ಮೇಜಿನ ಮೇಲೆ ಮಲಗಿದರೆ ಅಲ್ಲಿಯ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು. ಮಾಲಿಂಗನ ಚೀಟಿಯೇ ಮೊದಲನೆಯದು, ಇವತ್ತು ಬಿಡುಗಡೆ ಪೇಪರಿಗೆ ಪಿನ್ನು ಹೊಡೆದು ಕಳಿಸಿದೆ. "ಮಂದಿ ಹೆದರ್ತಾರ್ರಿ ಮೇಡಮ್" ಅಂತ ಅಣ್ಣಾಸಾಹೇಬರು ಮೂಗು ಮುರಿದರು. ಹೆದರಲಿ.

23 ಜನವರಿ, ಮಂಗಳವಾರ

ಹುಕ್ಕೇರಿಯಲ್ಲಿ ಮೂರು ಕೇಸು: ಒಂದು, ಒಂದು, ಎರಡು. ಎರಡು ಬಂದಾಕೆ ಗುಂಡು ಮೋರೆಯ ಗಿಡ್ಡ ಕತ್ತಿನ ಹೆಂಗಸು, ಗೊರಕೆ ಹೊಡೆಯುತ್ತಾಳೆ ಅಂತ ಗಂಡ ಮೊದಲೇ ಹೇಳಿದ್ದ. ಗೊರಕೆ ಕೇಳುವುದನ್ನು ನಿಯಮದಲ್ಲಿ ಸೇರಿಸಿದೆ.

ಈಗ ಎಲ್ಲಿ ನೋಡಿದರೂ ಮುಖಗಳೇ. ಘೋಡಗೇರಿ ಸ್ಟಾಪಿನಲ್ಲಿ ಬಸ್ ಕಂಡಕ್ಟರನ ಒಳಸರಿದ ಗದ್ದ ನೋಡಿ ಮನಸ್ಸಿನಲ್ಲೇ 'ಮೂರು' ಅಂದೆ, ಪಾಪ, ಅವನು ಟಿಕೆಟ್ ಹರಿಯುತ್ತಿದ್ದ. ಮದುವೆ ಊಟಕ್ಕೆ ಹೋದರೆ ಬೀಗರ ಗಂಟಲು ನೋಡುತ್ತೇನೆ.

ಅತ್ತೆ ಜಿನ್ನವ್ವ ಕಟ್ಟಿಸಿಕೊಂಡ ಹಲ್ಲಿನವರು. ಅವರನ್ನು ಮಂಚದ ಮೇಲೆ ಮಲಗಿಸಿ ಮಾಸ್ಕ್ ಹಿಡಿದು ನೋಡಿದೆ. ಹಲ್ಲು ತೆಗೆದರೆ ಕೆನ್ನೆ ಒಳಗೆ ಹೋಗಿ ಎರಡೂ ಕಡೆ ಸೋರುತ್ತದೆ, ಹಲ್ಲಿದ್ದರೆ ಮಾಸ್ಕ್ ಕೂರುತ್ತದೆ. ದವಾಖಾನೆಗಳಲ್ಲಿ ಹಿಂದಿನ ದಿನವೇ ಹಲ್ಲು ತೆಗೆಸಿ ಡಬ್ಬಿಯಲ್ಲಿ ಹಾಕಿಸುತ್ತಾರೆ. ಗಟ್ಟಿ ಕೂತ ಹಲ್ಲನ್ನು ಕೊಳವೆ ಹಾಕುವ ಹೊತ್ತಿಗೆ ತೆಗೆದರೆ ಸಾಕು.

"ನನ್ನ ಮಾರಿಗೆ ಎಷ್ಟ ನಂಬರ ಕೊಟ್ಟಿ ಯವ್ವಾ?" ಅಂದರು ಅತ್ತೆ.

"ಹಲ್ಲ ಇದ್ರ ಒಂದ್ರಿ ಅತ್ಯಾರ, ಇಲ್ಲಂದ್ರ ಎರಡ."

"ಸಾಲ್ಯಾಗ ಎಂದೂ ಒಂದನೇ ನಂಬರ ಬಂದಿದ್ದಿಲ್ಲ ನೋಡು" ಅಂತ ಹಲ್ಲು ಹಾಕಿಕೊಂಡು ನಕ್ಕರು. ಈ ತಿಂಗಳಲ್ಲಿ ನಾನು ನಕ್ಕಿದ್ದು ಇದೇ ಮೊದಲು.

2 ಫೆಬ್ರವರಿ, ಶುಕ್ರವಾರ

ಮೂಡಲಗಿ. ಕೆಲಸ ಮುಗಿದು ಬ್ಯಾಗು ಕಟ್ಟುತ್ತಿದ್ದಾಗ ಉಮೇಶ ಬಂದು ನಿಂತ.

"ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ. ಆ ಕುಲಗೋಡದವರ ಪೇಪರಿನ್ಯಾಗ ನಾಲ್ಕ ಅಂತ ಬರದೀರಲ್ರಿ. ನಾ ಚೀಲ ಒತ್ತಿದ ಮ್ಯಾಲ ಎದಿ ಏರಿತಲ್ರಿ. ಹಂಗಂದ್ರ ಅದು ಮೂರ ಆಗಬೇಕಲ್ರಿ?"

"ನೀ ಯಾವಾಗ ಡಾಕ್ಟರ ಆದಿ?"

ಅವನ ಮುಖ ಕೆಂಪಾಯಿತು, ಆದರೂ ಹೋಗಲಿಲ್ಲ. "ಅವತ್ತ ಎಲ್ಲಾ ಮುಗದ ಮ್ಯಾಲ ಮಾನಿಟರಂದು ಫೋಟೋ ಹೊಡಕೊಂಡೇನ್ರಿ, ಕಲಿಯಾಕ ಬೇಕಂತ. ನಿಮಿಷ ನಿಮಿಷದ್ದೂ ಐತ್ರಿ. ನೋಡ್ತೀರೇನ್ರಿ?"

"ಬ್ಯಾಡ."

ಎರಡು ವರ್ಷದ ಡಿಪ್ಲೊಮಾ ಮಾಡಿದವನು ನನಗೆ ಅಂಕೆ ಕಲಿಸುತ್ತಾನೆ. ಮೂರು ಅಂದರೆ 'ಕಷ್ಟ' ಅಂತ, ನಾಲ್ಕು ಅಂದರೆ 'ಅಸಾಧ್ಯ' ಅಂತ. ಅವತ್ತು ಆ ಮುಖವನ್ನು ಹಿಡಿದವಳು ನಾನು. ಅಸಾಧ್ಯ ಅಂದರೆ ಏನು ಅಂತ ನನ್ನ ಬೆರಳಿಗೆ ಗೊತ್ತು.

3 ಫೆಬ್ರವರಿ, ಶನಿವಾರ

ನಾಲ್ಕೇ.

13 ಫೆಬ್ರವರಿ, ಮಂಗಳವಾರ

ಗೋಕಾಕದ ಸರ್ಜನ್ ವಿದ್ಯಾ ಫೋನ್ ಮಾಡಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಕೈ ಚುರುಕು, ಮಾತು ನೆಟ್ಟಗೆ.

"ದೀಪಾಲಕ್ಕಾ, ಕುಲಗೋಡದ ಮಾಲಿಂಗ ಅಂತ ಒಬ್ಬರ ಬಂದಿದ್ರ. ಹೊಟ್ಟಿಬ್ಯಾನಿ ತಡೀಲಾರದ ಒದ್ದಾಡಾಕತ್ತಿದ್ರ, ಕಣ್ಣ ಹಳದಿ ಆಗ್ಯಾವ. ನಿಮ್ಮ ಚೀಟಿ ನೋಡಿ ನನಗ ಧೈರ್ಯ ಆಗಲಿಲ್ಲ. ಬೆಳಗಾವಿಗೆ ಕಳಿಸಿದ್ದೆ."

ಬೆಳಗಾವಿಯ ದೊಡ್ಡ ದವಾಖಾನೆಯವರೂ ಚೀಟಿ ಓದಿದ್ದಾರೆ. ಮಾಸ್ಕಿನಲ್ಲಿ ಯಾರಿಗೂ ಸಾಧ್ಯವಿಲ್ಲ, ಗಂಟಲ ದಾರಿಯೂ ಕಾಣುವುದಿಲ್ಲ. ಹಾಗಿದ್ದರೆ ಎಚ್ಚರವಿರುವಾಗಲೇ ಕತ್ತಿಗೆ ತೂತು ಕೊರೆದು ಅಲ್ಲಿಂದ ಉಸಿರು ಕೊಟ್ಟು ಆಮೇಲೆ ಮುಂದಿನ ಕೆಲಸ ಅಂದಿದ್ದಾರೆ. ಅವರ ತಪ್ಪಿಲ್ಲ. ಆ ಚೀಟಿ ನನ್ನ ಕೈಗೆ ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಾಲಿಂಗ ಎದ್ದು ಬಸ್ ಹತ್ತಿ ಊರಿಗೆ ಹೋಗಿದ್ದಾನೆ. "ಕೊಳ್ಳಿಗೆ ತೂತ ಹಾಕಿಸ್ಕೊಂಡ ದೇವ್ರ ಮುಂದ ಡೊಳ್ಳಿನ ಹಾಡ ಹೆಂಗ ಹೇಳ್ಲಿ" ಅಂದನಂತೆ. ಇನ್ನೊಮ್ಮೆ ಯಾವ ದವಾಖಾನೆಯ ಮೆಟ್ಟಿಲೂ ಹತ್ತುವುದಿಲ್ಲ ಅಂತಲೂ ಅಂದನಂತೆ.

"ಇನ್ನೆರಡ ಸಲ ಹಿಂಗಾದ್ರ ಉಳ್ಯಾಂಗಿಲ್ಲಕ್ಕಾ" ಅಂದಳು ವಿದ್ಯಾ. "ಖರೆನ ನಾಲ್ಕ ಏನ್ರಿ ಅದು?"

ಸಿಗ್ನಲ್ ಸರಿಯಿಲ್ಲ ಅಂತ ಹೇಳಿ ಫೋನ್ ಇಟ್ಟೆ. ಸಿಗ್ನಲ್ ಸರಿಯಾಗಿಯೇ ಇತ್ತು.

14 ಫೆಬ್ರವರಿ, ಬುಧವಾರ

ಉಮೇಶನಿಗೆ ಫೋಟೋ ಕಳಿಸಲು ಹೇಳಿದೆ. ಒಂದು ನಿಮಿಷದಲ್ಲಿ ಬಂತು, ಕಾಯುತ್ತಿದ್ದವನ ಹಾಗೆ. ಆಕ್ಸಿಜನ್ ಲೆಕ್ಕವನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

9.41ಕ್ಕೆ ತೊಂಬತ್ತೆಂಟು. 9.42ಕ್ಕೆ ತೊಂಬತ್ತಮೂರು. 9.43ಕ್ಕೆ ಎಂಬತ್ತು. 9.44ಕ್ಕೆ ಅರವತ್ತಾರು. 9.45ಕ್ಕೆ ಐವತ್ತೆರಡು. 9.46ಕ್ಕೆ ಎಪ್ಪತ್ತೊಂದು. 9.47ಕ್ಕೆ ತೊಂಬತ್ತನಾಲ್ಕು.

ಉಮೇಶ ಚೀಲ ಹಿಡಿದದ್ದು 9.45ಕ್ಕೆ. ಒಂದೆರಡು ನಿಮಿಷ ಅಂತ ನಾನು ಬರೆದದ್ದು ಅವನು ಬಂದ ಮೇಲಿನ ಲೆಕ್ಕ. ಅದಕ್ಕೆ ಮೊದಲು ನಾಲ್ಕು ನಿಮಿಷ ನಾನೊಬ್ಬಳೇ ಇದ್ದೆ.

ಇನ್ನೂ ಒಂದಿದೆ, ಅದು ಫೋಟೋದಲ್ಲಿಲ್ಲ. ಅವನು 'ಬಂದ' ಅಂತ ಬರೆದಿದ್ದೇನೆ. ಎಲ್ಲಿಂದಲೂ ಬರಲಿಲ್ಲ, ಎರಡು ಮಾರು ದೂರದಲ್ಲೇ ನಿಂತಿದ್ದ. "ನಾ ಹಿಡೀಲೇನ್ರಿ ಮೇಡಮ್ಮಾರ?" ಅಂದ. "ಬ್ಯಾಡ, ಅಲ್ಲೇ ನಿಂದರ" ಅಂದೆ. ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಬೇಡ ಅಂದೆ. ಅಣ್ಣಾಸಾಹೇಬರು ಕೈ ತೊಳೆದು ಒಳಗೆ ಬಂದಿದ್ದರು, ಅವರ ಮುಂದೆ ಇನ್ನೊಬ್ಬರ ಕೈ ಕೇಳಲು ನನಗೆ ನಾಚಿಕೆಯಾಯಿತು. ಮೂರನೇ ಸಲ ಅವನು ಕೇಳಲೇ ಇಲ್ಲ, ಬಂದು ಚೀಲ ಕಿತ್ತುಕೊಂಡ. ನನ್ನ ಎರಡೂ ಕೈ ಮಾಸ್ಕಿಗೆ ಬಿಡುವಾದವು. ಎದೆ ಏರಿತು.

ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

17 ಫೆಬ್ರವರಿ, ಶನಿವಾರ

ವಿದ್ಯಾಳಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕಲ್ಲವೇ? ಬೆಳಗಾವಿಗೆ ಒಂದು ಫೋನ್ ಮಾಡಿದರೆ ಸಾಕಲ್ಲವೇ? ಪೇಪರ್ ಹಾಗೇ ಇರಲಿ. ಯಾರು ತೆಗೆದು ನೋಡುತ್ತಾರೆ?

ಮೂರು ದಿನದಿಂದ ಇದೇ ವಾದ. ಆ ಮನುಷ್ಯ ಓದುವುದು ಬಾರದಿದ್ದರೂ ಚೀಟಿಯನ್ನು ಗೋಕಾಕಕ್ಕೆ ಒಯ್ದ, ಬೆಳಗಾವಿಗೆ ಒಯ್ದ. ನಾನು ಬರೆದದ್ದು ಅಂತ ನಂಬಿ ಒಯ್ದ. ಸೋಮವಾರ ಮೂಡಲಗಿಗೆ ಹೋಗುತ್ತೇನೆ.

19 ಫೆಬ್ರವರಿ, ಸೋಮವಾರ

ಹೋದೆ. ಕೇಸ್ ಪೇಪರ್ ತರಿಸಿ, ಅಣ್ಣಾಸಾಹೇಬರ ಎದುರಿಗೇ ನಾಲ್ಕರ ಮೇಲೆ ಒಂದೇ ಗೆರೆ ಎಳೆದೆ, ಹಳೆಯದು ಕಾಣಬೇಕು. ಬಾಜೂಕ ಮೂರು ಅಂತ ಬರೆದೆ. ಕೆಳಗೆ ಬರೆದದ್ದು ಇಷ್ಟು: ಒಬ್ಬರಿಂದ ಆಗಲಿಲ್ಲ, ಇಬ್ಬರಾದ ಕೂಡಲೇ ಉಸಿರು ಹೋಯಿತು, ಎರಡನೆಯವರು ಎದುರಿಗಿದ್ದರೂ ಕರೆಯಲು ನಾಲ್ಕು ನಿಮಿಷ ತಡ ಮಾಡಿದವಳು ನಾನು. ಸಹಿ, ಇವತ್ತಿನ ತಾರೀಖು.

ಅಣ್ಣಾಸಾಹೇಬರು ಓದಿ ಕನ್ನಡಕ ತೆಗೆದರು.

"ಏನ್ ಮಾಡಾಕತ್ತೀರಿ ಮೇಡಮ್? ಮನಷ್ಯಾ ಬದಕ್ಯಾನ, ಮನಿಗಿ ಹೋಗ್ಯಾನ. ನಾಲ್ಕ ಅಂದ್ರ ಅವನ ಮಾರಿ ಹಂಗ ಐತಿ ಅಂತ ಆಕ್ಕೈತಿ. ಮೂರ ಅಂದ್ರ ತಪ್ಪ ನಮ್ದಾಕ್ಕೈತಿ."

"ತಪ್ಪ ನಮ್ದಲ್ರಿ ಸರ್, ನಂದು. ಹಂಗ ಬರದೇನಿ."

"ಮಂದಿ ಹಂಗ ಓದಂಗಿಲ್ರಿ. ಈ ದವಾಖಾನ್ಯಾಗ ಅಂತ ಓದ್ತಾರ. ಹರದ ಒಗೀರಿ, ಹೊಸಾದ ಬರೀರಿ."

"ಹರ್ಯಾಂಗಿಲ್ರಿ."

ಇನ್ನು ಈ ದವಾಖಾನೆಯಿಂದ ನನಗೆ ಕೇಸಿನ ಫೋನ್ ಬರುವುದಿಲ್ಲ ಅಂತ ನಯವಾಗಿಯೇ ಹೇಳಿದರು. ಹನ್ನೊಂದು ವರ್ಷದ ಸಂಬಂಧ. ಬೇಜಾರಾಯಿತು, ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಕೀಲಿ ತಿರುಗಿಸಲಾಗಲಿಲ್ಲ. ಆದರೆ ಹಿಂದಕ್ಕೆ ಹೋಗಿ ಹರಿಯಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಉಮೇಶ ಗೇಟಿನ ತನಕ ಬಂದ. "ತಪ್ಪಾತು ಉಮೇಶ" ಅಂದೆ. ಅವನು ನನ್ನ ಬ್ಯಾಗನ್ನು ಹಿಂದಿನ ಸೀಟಿನಲ್ಲಿ ಎರಡು ಸಲ ಸರಿ ಮಾಡಿ ಇಟ್ಟ.

21 ಫೆಬ್ರವರಿ, ಬುಧವಾರ

ನಿನ್ನೆ ವಿದ್ಯಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಇವತ್ತು ಕುಲಗೋಡಕ್ಕೆ ಹೋಗಿಬಂದೆ. ಬರೆಯುವುದು ಕಷ್ಟ.

ಕುರಿಗಳನ್ನು ಮಗ ಹೊಡೆದುಕೊಂಡು ಹೋಗಿದ್ದ, ಹಟ್ಟಿ ಖಾಲಿ ಇತ್ತು. ಮಾಲಿಂಗ ಕಂಬಳಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮೈ ಅರ್ಧವೂ ಉಳಿದಿಲ್ಲ. ಲಗಮವ್ವ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಮೊರ ಇಟ್ಟು ಎದ್ದು ನಿಂತರು.

ಕೂರದೆ ನಿಂತೇ ಹೇಳಿದೆ. "ನಿಮ್ಮ ಎಣ್ಣಿ ಭಂಡಾರದಿಂದ ಉಸಿರ ನಿಂತಿಲ್ರಿ. ಅದರಿಂದ ಮಾಸ್ಕ ಜಾರಿತು, ಅಷ್ಟ. ಎರಡನೇದವರ ಹಿಡಿದಿದ್ರ ಮೊದಲನೇ ನಿಮಿಷಕ್ಕ ಉಸಿರ ಹೋಗತಿತ್ತು. ಹಿಡಿಯಾವ ಅಲ್ಲೇ ನಿಂತಿದ್ದ. ನಾನ ಕರೀಲಿಲ್ಲ. ಚೀಟಿ ಮ್ಯಾಲ ಬರದದ್ದೂ ಸುಳ್ಳ."

ಲಗಮವ್ವ ನನ್ನನ್ನೇ ನೋಡುತ್ತಿದ್ದರು.

"ಯಾಕ ಕರೀಲಿಲ್ರಿ?"

"ಸೊಕ್ಕಿಗೆ ಕರೀಲಿಲ್ರಿ."

"ಒಂದೂವರಿ ತಿಂಗಳಾತು" ಅಂದರು. ದನಿ ಏರಲಿಲ್ಲ, ಅದೇ ಹೆಚ್ಚು ಸಂಕಟ. "ಒಂದೂವರಿ ತಿಂಗಳಾತು ನಾ ದೇವ್ರ ಗುಡಿ ಒಳಗ ಕಾಲ ಇಟ್ಟಿಲ್ಲ. ನನ್ನ ಕೈಲೇ ನನ್ನ ಗಂಡನ ಉಸಿರ ಕಟ್ಟಿದ್ನಲ್ಲಾ ಅಂತ ಭಂಡಾರ ಮುಟ್ಟಿಲ್ಲ. ಈ ಮನಿ ಮಂದಿ ನನಗ ಏನಂದ್ರು ಅಂತ ನಿಮಗೇನ ಗೊತ್ತೈತ್ರಿ? ಊರ ಮಂದಿ ಏನಂದ್ರು? ನೀವು ಒಂದ ಮಾತ ಹೇಳಿ ಕಾರ ಹತ್ತಿ ಹೋದ್ರಿ."

ಮಾಲಿಂಗ, "ಇರ್ಲಿ ಬಿಡ, ಈಗ ಬಂದ ಹೇಳ್ಯಾರಲ್ಲ" ಅಂದರು.

"ನೀ ಸುಮ್ನ ಕುಂದರು. ಉಸಿರ ನಿಂತಾಗ ನಿನಗ ಎಚ್ಚರ ಇದ್ದಿದ್ದಿಲ್ಲ. ನನಗಿತ್ತು."

ಇಬ್ಬರು ಹಿಡಿದರೆ ಕತ್ತಿಗೆ ತೂತು ಬೇಕಾಗಿಲ್ಲ, ಗೋಕಾಕದಲ್ಲಿ ಕ್ಯಾಮೆರಾ ಇರುವ ಕೊಳವೆಯ ಉಪಕರಣವಿದೆ, ವಿದ್ಯಾ ಡಾಕ್ಟರು ಒಪ್ಪಿದ್ದಾರೆ, ನಾನೇ ಬೇಡವೆನಿಸಿದರೆ ಬೇರೆಯವರನ್ನು ಕರೆಸುತ್ತಾರೆ, ಆದರೆ ತಡ ಮಾಡಬೇಡಿ. ಇಷ್ಟು ಹೇಳಿ ತಿದ್ದಿದ ಚೀಟಿಯನ್ನು ಕಟ್ಟೆಯ ಮೇಲೆ ಇಟ್ಟೆ.

"ಹೋಗ್ರಿ" ಅಂದರು ಲಗಮವ್ವ. ಚಹಾ ಕುಡಿ ಅನ್ನಲಿಲ್ಲ. ಆ ಹಟ್ಟಿಯಿಂದ ಹಾಗೇ ಹೊರಟು ಬಂದವಳು ನಾನೊಬ್ಬಳೇ ಇರಬೇಕು.

26 ಫೆಬ್ರವರಿ, ಸೋಮವಾರ

ಐದು ದಿನ ಏನೂ ಇಲ್ಲ. ಇವತ್ತು ಬೆಳಿಗ್ಗೆ ಗೊತ್ತಿಲ್ಲದ ನಂಬರು.

"ನಾ ಲಗಮವ್ವ. ಅವರಿಗೆ ರಾತ್ರಿಯಿಂದ ಚಳಿಜ್ವರ. ಎಷ್ಟ ಮಂದಿ ಹಿಡೀತೀರಿ?"

"ಇಬ್ಬರ್ರಿ. ಮೊದಲಿಂದನ ಇಬ್ಬರು."

"ಎರಡನೇದವ ಯಾರು?"

"ಅವತ್ತ ಉಳಿಸಿದನಲ್ರಿ, ಅವನ."

ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. "ಹಾದ್ಯಾಗ ಅದೀವಿ" ಅಂದರು.

ಗೋಕಾಕದಲ್ಲಿ ಅಡ್ಮಿಟ್ ಆಯಿತು. ವಿದ್ಯಾ ಒಂದು ವಾರ ಔಷಧಿ ಕೊಟ್ಟು ಜ್ವರ ಇಳಿಸಿ ಆಮೇಲೆ ಆಪರೇಷನ್ ಅಂದಳು. ಮಾರ್ಚ್ ಐದು. ಒಂದು ವಾರ ಸಿಕ್ಕಿದೆ, ಒಂದು ದಿನವೂ ಹಾಳು ಮಾಡುವುದಿಲ್ಲ.

2 ಮಾರ್ಚ್, ಶನಿವಾರ

ಗಡ್ಡ ಕತ್ತರಿಸುವ ಮಾತೇ ಇಲ್ಲ, ಹಾಗಾಗಿ ಗಡ್ಡದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಮೂಗು ಬಾಯಿಗೆ ದೊಡ್ಡ ಕಿಂಡಿ ಬಿಟ್ಟು, ಅದರ ಮೇಲೆ ಮಾಸ್ಕ್ ಕೂರಿಸುವುದು. ಉಮೇಶ ಇದನ್ನು ಪರೀಕ್ಷೆ ಮಾಡಲಿಕ್ಕೆಂದೇ ಸೋಮವಾರದಿಂದ ಗಡ್ಡ ಬಿಟ್ಟಿದ್ದಾನೆ. "ಹೆಂಡ್ತಿ ಬೈಯಾಕತ್ಯಾಳ್ರಿ" ಅಂದ. ನಮ್ಮ ಮನೆಯ ಮಂಚದ ಮೇಲೆ ಎಚ್ಚರದಲ್ಲೇ ಮಲಗಿ ಮಾಸ್ಕಿನೊಳಗೆ ಉಸಿರಾಡಿದ, ನಾನು ಎರಡೂ ಕೈಯಲ್ಲಿ ಹಿಡಿದೆ. ಹಾಳೆ ಇಲ್ಲದೆ ಸೋರಿತು. ಹಾಳೆ ಇದ್ದಾಗ ಚೀಲ ಉಬ್ಬಿ ನಿಂತಿತು. ಅತ್ತೆ ಬಾಗಿಲಲ್ಲಿ ನಿಂತು, "ರೊಟ್ಟಿ ಸುತ್ತೂ ಹಾಳಿ ಹುಡುಗನ ಮಾರಿಗೆ ಸುತ್ತ್ಯಾಳ" ಅಂತ ನನ್ನ ಗಂಡನನ್ನು ಕರೆದರು.

ಹೆಬ್ಬೆರಳ ಬುಡ ಮಾಸ್ಕಿನ ಮೇಲೆ, ಉಳಿದ ಬೆರಳು ದವಡೆಯ ಮೂಳೆಗೆ. ಮುಖಕ್ಕೆ ಮಾಸ್ಕನ್ನು ಒತ್ತಬಾರದು, ದವಡೆಯನ್ನು ಮಾಸ್ಕಿನ ಕಡೆಗೆ ಎತ್ತಬೇಕು. ಎಷ್ಟೋ ಜನರಿಗೆ ಇದನ್ನು ಕಲಿಸಿದ್ದೇನೆ. ಇವತ್ತು ಉಮೇಶ ನನ್ನ ಎಡಗೈ ಕಿರುಬೆರಳು ಜಾರುತ್ತಿದೆ ಅಂತ ತೋರಿಸಿದ. ಹೌದು, ಜಾರುತ್ತಿತ್ತು. ನಲವತ್ತು ಸಲ ಮಾಡಿದೆವು.

5 ಮಾರ್ಚ್, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಹೋದೆ. ಉಮೇಶ ರಜೆ ಹಾಕಿ ಮೊದಲ ಬಸ್ಸಿಗೇ ಬಂದಿದ್ದ. ಲಗಮವ್ವ ಗಂಡನ ಗಡ್ಡವನ್ನು ಸೀಗೆಕಾಯಿ ಹಾಕಿ ತೊಳೆದು ಒಣಗಿಸಿ ಬಾಚಿದ್ದರು. ಸೆರಗಿನ ಗಂಟಿನಲ್ಲಿ ಭಂಡಾರ ಇರುವುದು ಕಂಡಿತು, ಬಿಚ್ಚಲಿಲ್ಲ. "ಹಣಿಗಿ ಹಚ್ಚರಿ, ಅಲ್ಲಿ ಮಾಸ್ಕ ಬರಾಂಗಿಲ್ಲ" ಅಂದೆ. ಗಂಟು ಬಿಚ್ಚಿ ಒಂದು ಚಿಟಿಕೆ ಹಚ್ಚಿದರು.

ಮೇಜಿನ ಮೇಲೆ ತಲೆದಿಂಬು ಏರಿಸಿ ಮಲಗಿಸಿದೆವು. ಹಾಳೆ ಸುತ್ತಿದೆ. ಮಾಲಿಂಗ ಪ್ಲಾಸ್ಟಿಕ್ಕಿನ ಒಳಗಿಂದ, "ಯವ್ವಾ, ನನ್ನ ಬುತ್ತಿ ಕಟ್ಟಿದಂಗ ಕಟ್ಟೀರಿ" ಅಂದರು. ಆಕ್ಸಿಜನ್ ಪೂರ್ತಿ ಐದು ನಿಮಿಷ ಕುಡಿಸಿದೆ. ಅವತ್ತು ಎಣ್ಣೆಯ ಗಡ್ಡದ ಮೇಲೆ ಇದೂ ಸರಿಯಾಗಿ ಆಗಿರಲಿಲ್ಲ, ಅದನ್ನು ಕಂಡೂ ಮುಂದೆ ಹೋಗಿದ್ದೆ.

ಮದ್ದು ಕೊಡುವ ಮೊದಲೇ ಎರಡೂ ಕೈ ಮುಖದ ಮೇಲೆ ಇಟ್ಟೆ, ಉಮೇಶನ ಕೈಗೆ ಚೀಲ ಕೊಟ್ಟೆ. ನರ್ಸು ಮದ್ದು ಏರಿಸಿದಳು. ಉಸಿರು ನಿಂತಿತು.

"ಒತ್ತು."

ಒತ್ತಿದ. ಎದೆ ಏರಲಿಲ್ಲ.

"ಎಡಕ್ಕ ಸೋರಾಕತ್ತೈತಿ" ಅಂತ ಗಟ್ಟಿಯಾಗಿ ಹೇಳಿದೆ. "ವಿದ್ಯಾ, ಎಡಗಲ್ಲದ ಮ್ಯಾಲ ಹಾಳಿ ಒತ್ತಿ ಹಿಡಿ, ಲಗೂ." ವಿದ್ಯಾ ಕೈ ತೊಳೆದು ಗ್ಲೌಸು ಹಾಕಿ ನಿಂತಿದ್ದಳು. ಗ್ಲೌಸು ಕೆಟ್ಟರೆ ಕೆಡಲಿ ಅಂತ ಹಾಗೇ ಬಂದು ಬಟ್ಟೆಯ ಉಂಡೆಯಿಂದ ಒತ್ತಿದಳು. ನಾನು ದವಡೆ ಇನ್ನಷ್ಟು ಎತ್ತಿದೆ.

"ಒತ್ತು."

ಎದೆ ಏರಿತು. ಇಳಿಯಿತು. ಮತ್ತೆ ಏರಿತು. ತೊಂಬತ್ತೊಂಬತ್ತು.

ಕ್ಯಾಮೆರಾ ಹಾಕಿ ಕೊಳವೆ ಇಳಿಸಲು ಮೊದಲ ಸಲ ಆಗಲಿಲ್ಲ. ಹಟ ಮಾಡದೆ ಮಾಸ್ಕಿಗೆ ಮರಳಿ ಮೂವರೂ ಸೇರಿ ಎಂಟು ಹತ್ತು ಉಸಿರು ಕೊಟ್ಟೆವು. ಎರಡನೆಯ ಸಲ ಇಳಿಯಿತು. ಇಡೀ ಹೊತ್ತಿನಲ್ಲಿ ತೊಂಬತ್ತೇಳಕ್ಕಿಂತ ಕೆಳಗೆ ಬರಲಿಲ್ಲ.

ಪಿತ್ತಕೋಶ ಕೀವು ಕಟ್ಟಿ ದಪ್ಪ ಚರ್ಮದ ಹಾಗಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಒಡೆಯುತ್ತಿತ್ತು ಅಂದಳು ವಿದ್ಯಾ. ಎರಡು ತಾಸಿನ ಮೇಲೆ ಮಾಲಿಂಗ ಕಣ್ಣು ಬಿಟ್ಟರು, ಹೆಸರು ಕೇಳಿದರೆ ಹೆಸರು ಹೇಳಿದರು, ನೀರು ಕೇಳಿದರು.

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮನಸ್ಸು ಹಗುರಾಗುವಷ್ಟು ಅತ್ತೆ. ಆಮೇಲೆ ಹೊರಗೆ ಬಂದು ಲಗಮವ್ವಗೆ, "ಇಬ್ಬರ ಸಾಲಲಿಲ್ರಿ, ಮೂರ ಮಂದಿ ಹಿಡದೀವಿ" ಅಂದೆ.

"ಮೂರನೇದವರನ್ನ ಯಾರ ಕರದ್ರು?"

"ನಾನ ಕರದೆ."

ಅವರು ತಲೆಯಾಡಿಸಿ ಗಂಡನ ಹತ್ತಿರ ಹೋದರು.

8 ಮಾರ್ಚ್, ಶುಕ್ರವಾರ

ಹುಕ್ಕೇರಿಯಿಂದ ನಾಳೆಯ ಕೇಸಿಗೆ ಫೋನ್ ಬಂತು. ಎರಡನೆಯ ಕೈ ಯಾರಿದ್ದಾರೆ ಅಂತ ಕೇಳಿದೆ. "ನಿಮಗ್ಯಾಕ ಬೇಕ್ರಿ ಎರಡನೇ ಕೈ?" ಅಂತ ನಕ್ಕರು. ಬೇಕು, ಇಲ್ಲದಿದ್ದರೆ ಬರುವುದಿಲ್ಲ ಅಂದೆ. ನೋಡಿ ಹೇಳುತ್ತಾರಂತೆ.

ಮಾಲಿಂಗ ಅವರ ಬಿಡುಗಡೆ ಇವತ್ತು. ಹೊಸ ಚೀಟಿಯನ್ನು ನಾನೇ ಒಯ್ದೆ. ಲಗಮವ್ವ, "ಓದಿ ಹೇಳ್ರಿ, ಒಂದಕ್ಷರ ಬಿಡಬ್ಯಾಡ್ರಿ" ಅಂತ ಎದುರಿಗೆ ಕೂತರು.

ಓದಿದೆ. ಅಂಕೆ ಮೂರು. ಉದ್ದ ಗಡ್ಡ, ಗಿಡ್ಡ ಕತ್ತು, ಗೊರಕೆ. ಒಬ್ಬರಿಂದ ಆಗುವುದಿಲ್ಲ, ಮೊದಲಿನಿಂದಲೇ ಇಬ್ಬರು ಬೇಕು, ಮೂರನೆಯವರು ಹತ್ತಿರವಿರಬೇಕು. ಗಡ್ಡಕ್ಕೆ ತೆಳು ಹಾಳೆ. ಕ್ಯಾಮೆರಾದಿಂದ ಎರಡನೆಯ ಸಲಕ್ಕೆ ಕೊಳವೆ ಇಳಿಯಿತು. ಜನವರಿ ಒಂಬತ್ತರಂದು ಆಕ್ಸಿಜನ್ ಐವತ್ತೆರಡಕ್ಕೆ ಇಳಿದದ್ದು ಅರಿವಳಿಕೆ ಕೊಟ್ಟ ಡಾಕ್ಟರು ದೀಪಾಲಿ ನೆರವು ಕರೆಯಲು ತಡ ಮಾಡಿದ್ದರಿಂದ.

"ಆತೇನ್ರಿ?"

"ಆತ್ರಿ."

"ಎಣ್ಣಿ ಎಲ್ಲಿ ಬರದೀರಿ?"

ಬರೆದಿರಲಿಲ್ಲ. ಇಷ್ಟು ದಿನ ಆ ಹೆಂಗಸು ಅದನ್ನು ಹೊತ್ತದ್ದು ಸಾಕು ಅನ್ನಿಸಿ ಬೇಕೆಂದೇ ಬಿಟ್ಟಿದ್ದೆ. ಹಾಗೇ ಹೇಳಿದೆ.

"ಜಾರಿದ್ದಂತೂ ಖರೆ ಹೌದಲ್ರಿ?"

"ಹೌದ್ರಿ."

"ಮತ್ತ ಬರೀರಿ. ನಾ ಸತ್ತ ಮ್ಯಾಲ ಇವರನ್ನ ಯಾವ ಊರಿಗೆ ಒಯ್ತಾರೋ, ಯಾವ ಸೊಸಿ ಎಣ್ಣಿ ಹಚ್ಚಿ ಕಳಿಸ್ತಾಳೋ. ನಿಮ್ಮದೊಂದ ಬರದು ನಂದ ಬಿಟ್ರ ಇವರಿಗೇನ ಉಪಯೋಗ? ನಿಮ್ಮ ಹೆಸರ ಹಾಕೀರಿ, ನನ್ನ ಹೆಸರೂ ಹಾಕ್ರಿ."

ಕಿಟಕಿಯ ಕಟ್ಟೆಯ ಮೇಲೆ ಚೀಟಿ ಇಟ್ಟು ಬರೆದೆ: ಅವತ್ತು ಗಡ್ಡಕ್ಕೆ ಎಣ್ಣೆ ಮತ್ತು ಭಂಡಾರ ಹಚ್ಚಲಾಗಿತ್ತು, ಅದರಿಂದ ಮಾಸ್ಕ್ ಜಾರಿತು; ತಿಳಿಸಿದವರು ಹೆಂಡತಿ ಲಗಮವ್ವ. ಓದಿ ಹೇಳಿದೆ. ಲಗಮವ್ವ ಬೆರಳಿಟ್ಟು ತನ್ನ ಹೆಸರು ಯಾವುದು ಅಂತ ಕೇಳಿದರು. ತೋರಿಸಿದೆ. ನನ್ನ ಹೆಸರು ಯಾವುದು ಅಂತ ಕೇಳಿದರು, ಅದನ್ನೂ ತೋರಿಸಿದೆ. ಎರಡರ ನಡುವೆ ಎರಡು ಸಾಲಿನ ಅಂತರವಿತ್ತು. ಆಮೇಲೆ ಚೀಟಿ ಮಡಚಿ ಗಂಡನ ಅಂಗಿಯ ಒಳಜೇಬಿಗೆ ಇಟ್ಟು, ಗುಂಡಿ ಹಾಕಿದರು.